ಖಟಪಟ ಬ್ಯಾಂಡೂ ನಮ್ಮ ಓಣಿಯ ನಳವೂ

ಗಂಡಸರಿಗೆ ನಲವತ್ತೈದು ದಾಟಿತೆಂದರೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ದೇವರು, ಇನ್ನು ಕೆಲವರಿಗೆ ಚುನಾವಣೆಗೆ ನಿಲ್ಲುವ ಹುಚ್ಚು. ಇವುಗಳಲ್ಲಿ ಒಂದಾದರೂ ನಮ್ಮ ಮನೆಯವರಿಗೆ ಬಂದೇ ಬರುತ್ತದೆಂದು ನಾನು ತಯಾರಾಗಿಯೇ ಇದ್ದೆ. ಸಕ್ಕರೆ ಕಾಯಿಲೆಯಾದರೆ ಇರಲಿ ಎಂದು ಎರಡು ಕಿಲೋ ನವಣೆಯನ್ನೂ ತಂದಿಟ್ಟಿದ್ದೆ. ಆದರೆ ಅವರಿಗೆ ಬಂದದ್ದು ಪಂಕ್ ರಾಕ್. ಇದಕ್ಕೆ ಪಥ್ಯವೇನು ಎಂದು ನಮ್ಮ ಬನಹಟ್ಟಿಯಲ್ಲಿ ಯಾವ ಡಾಕ್ಟರನ್ನು ಕೇಳುವುದು? ಕೊನೆಗೆ ಆ ನವಣೆಯನ್ನು ನಾನೇ ತಿಂದು ಮುಗಿಸಿದೆ.

ನಮ್ಮ ಕಡೆಯ ಜನ ಮೀರಜಿಗೆ ಹೋಗುವುದು ಎರಡೇ ಕಾರಣಕ್ಕೆ. ಒಂದು ದವಾಖಾನೆ, ಇನ್ನೊಂದು ತಂಬೂರಿ. ನಮ್ಮ ಮನೆಯವರು ಹೋದದ್ದು ಹೊಟ್ಟೆನೋವಿಗೆ. ಅಲ್ಲಿಯ ಡಾಕ್ಟರು ಹಿಂದೆ ಮುಂದೆ ಒತ್ತಿ ನೋಡಿ, ಏನೂ ಇಲ್ಲ, ಗ್ಯಾಸು ಎಂದರಂತೆ. ತನಗೇನೂ ಆಗಿಲ್ಲ ಎಂದು ಈಗಷ್ಟೇ ತಿಳಿದ ಗಂಡಸಿನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ಆ ಖುಷಿಯಲ್ಲಿ ವಾದ್ಯದಂಗಡಿಗಳ ಮುಂದೆ ಹಾದು ಬಂದವರು ಕರೆಂಟಿನ ಗಿಟಾರೊಂದನ್ನು ಹೆಗಲಿಗೇರಿಸಿಕೊಂಡೇ ಬಸ್ಸು ಹತ್ತಿದ್ದರು. ಜಮಖಂಡಿಯಲ್ಲಿ ಕಾಲೇಜು ಓದುವಾಗ ಇವರು ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರು ಹಿಡಿಯುತ್ತಿದ್ದರಂತೆ. ನಮ್ಮ ಮದುವೆಯ ಮಾತುಕತೆಯಲ್ಲಿ ಹುಡುಗನಿಗೆ ಎಂಟು ಮಗ್ಗ ಇವೆ, ಚಹಾ ಬಿಟ್ಟರೆ ಬೇರೆ ಚಟವಿಲ್ಲ ಎಂದೆಲ್ಲ ಹೇಳಿದ್ದ ಹಿರಿಯರು ಈ ಸಂಗತಿಯನ್ನು ಮಾತ್ರ ನುಂಗಿಕೊಂಡಿದ್ದರು.

"ಪಂಕ್ ಅಂದ್ರ ಏನ್ರಿ?" ಎಂದು ನಾನು ಕೇಳಿದೆ.

"ಗಿಟಾರದಾಗ ಮೂರ ಪಟ್ಟ ಹಿಡಿಯಾಕ ಬಂದ್ರ ಸಾಕು. ಉಳದದ್ದೆಲ್ಲಾ ಸಿಟ್ಟು. ಅಧಿಕಾರದಾಗ ಇದ್ದಾವರನ್ನ ಅವರ ಎದರಿಗೇ ನಿಂತು, ಇದ್ಯಾಕ ಹಿಂಗ ಅಂತ ಕೇಳೂದು," ಎಂದರು.

"ಅದೆಲ್ಲಾ ಖರೆ. ಸಿಟ್ಟು ನಿಮಗೆಲ್ಲಿಂದ ಬರಬೇಕು?" ಎಂದೆ.

ಇದು ಹಂಗಿಸಿದ ಮಾತಲ್ಲ, ನಿಜವಾದ ಅನುಮಾನ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಧ್ವನಿ ಏರಿಸಿದ್ದನ್ನು ನಾನು ಕಂಡಿರಲಿಲ್ಲ. ಮಗ್ಗದ ಲಾಳಿ ಸಿಡಿದು ಮೊಳಕಾಲಿಗೆ ಬಡಿದರೆ, ಲಾಳಿಗೇ ಪೆಟ್ಟಾಯಿತೇನೋ ಎಂಬಂತೆ ಅದನ್ನು ಎತ್ತಿ ಒರೆಸಿ ಇಡುವವರು. ನಾನೇ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನವೂ "ಇರಲಿ, ರುಚಿ ಐತಿ" ಎಂದು ಎರಡು ತಂಬಿಗೆ ನೀರು ಕುಡಿದು ಎದ್ದವರು. ಇಂಥವರು ಸರಕಾರವನ್ನು ಬೈಯುತ್ತಾರೆಂದರೆ ಸರಕಾರವೂ ನಂಬಲಿಕ್ಕಿಲ್ಲ. ನಮ್ಮ ಅತ್ತೆ ಮಾತ್ರ ಕಿವಿಯಲ್ಲಿ ಕೂಗಿ ಹೇಳಿದ ಒಂದೇ ಮಾತಿಗೆ ವಿಷಯ ತಿಳಿದುಕೊಂಡರು. "ಹೋಳಿ ಹುಣ್ಣಿವಿಗೆ ಹಲಗಿ ಬಡಕೋತ ಬೊಬ್ಬಿ ಹೊಡೀತಾರಲ್ಲ, ಅದ ಹೌದಿಲ್ಲೊ? ಅದಕ್ಯಾಕ ಮೀರಜಿಗೆ ಹೋಗಿದ್ದಿ?" ಎಂದು ಮಗನನ್ನು ಕೇಳಿದರು.

ಬ್ಯಾಂಡಿಗೆ ಮೂವರಾದರು. ಗಿಟಾರು ಮತ್ತು ಬಾಯಿ ನಮ್ಮ ಮನೆಯವರದು. ಡ್ರಮ್ಮಿಗೆ ಜಮಖಂಡಿಯ ಇರ್ಫಾನ್. ಹಗಲೆಲ್ಲ ಆಟೋ ಓಡಿಸುತ್ತಾನೆ, ಲಗ್ನದ ಸುಗ್ಗಿಯಲ್ಲಿ ಅವರಪ್ಪನ ಬ್ಯಾಂಡ್ ಕಂಪನಿಯಲ್ಲಿ ಬಾರಿಸುತ್ತಾನೆ. ದಪ್ಪ ತಂತಿಯ ಗಿಟಾರಿಗೆ ತೇರದಾಳದ ಶ್ರೀಕಾಂತ. ಮೊಬೈಲ್ ಅಂಗಡಿಯವನು, ಜೈನರ ಹುಡುಗ, ಹೊತ್ತು ಮುಳುಗುವುದರೊಳಗೆ ಊಟ ಮಾಡಬೇಕಾದ್ದರಿಂದ ಅಭ್ಯಾಸ ಸಂಜೆ ಐದಕ್ಕೇ ಮುಗಿಯಬೇಕು. ಹೆಸರು 'ಖಟಪಟ' ಎಂದು ಇಟ್ಟರು. ಅಭ್ಯಾಸದ ಜಾಗ ನಮ್ಮ ಮಗ್ಗದ ಶೆಡ್ಡು. ಎಂಟು ಮಗ್ಗ ಓಡುವಾಗ ಅಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಇವರ ಹಾಡು ಯಾರಿಗೆ ಕೇಳಬೇಕು? ಬ್ಯಾಂಡು ಹುಟ್ಟಿ ಮೂರು ತಿಂಗಳಾದರೂ ಓಣಿಯಲ್ಲಿ ಒಬ್ಬರಿಗೂ ಸುಳಿವಿರಲಿಲ್ಲ. ಕೇಳಿಸಿಕೊಂಡವರು ನಮ್ಮ ಅತ್ತೆ ಒಬ್ಬರೇ. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಿವಿ ಕಳೆದುಕೊಂಡ ಆ ಜೀವಕ್ಕೆ ಭಜನೆಯೂ ಕೇಳದು, ಧಾರಾವಾಹಿಯೂ ಕೇಳದು. "ಈ ಹುಡುಗರ ಹಾಡಾ ಛಲೋ ಕೇಳಸ್ತೈತಿ ನೋಡ," ಎಂದು ಗಿಟಾರಿನ ಸದ್ದು ಹೊರಡುವ ಪೆಟ್ಟಿಗೆಗೇ ಬೆನ್ನು ಹಚ್ಚಿ ಕೂತು ಹತ್ತಿ ಬಿಡಿಸುತ್ತಿದ್ದರು. ಒಂದು ಬ್ಯಾಂಡಿಗೆ ಅಷ್ಟು ನಿಷ್ಠೆಯ ಅಭಿಮಾನಿ ಸಿಗುವುದು ಅಪರೂಪ.

ಇಷ್ಟಾದರೂ ಸಿಟ್ಟಿನ ಕೊರತೆ ನೀಗಿರಲಿಲ್ಲ. ಮೂರು ಪಟ್ಟು ಬಂದಿದ್ದವು, ತಾಳ ಬಂದಿತ್ತು, ಹಾಡಿಗೆ ಮಾತಿರಲಿಲ್ಲ. "ಅನ್ಯಾಯ, ಅನ್ಯಾಯ" ಎಂದು ನಮ್ಮ ಮನೆಯವರು ಹಾಡಿದರೆ ಅಂಗಡಿಯಲ್ಲಿ ಬೆಲ್ಲ ಕೇಳಿದ ಹಾಗಿರುತ್ತಿತ್ತು. ಇಲ್ಲಿ ನನ್ನ ಪಾತ್ರ ಬರುತ್ತದೆ. ನಾನು ಬೈಯುವುದರಲ್ಲಿ ಗಟ್ಟಿ. ಇದು ಜಂಭವಲ್ಲ, ತವರಿನ ಗುಣ. ನಮ್ಮ ಮುಧೋಳದ ನಾಯಿಗಳು ಬೊಗಳುವುದಕ್ಕಿಂತ ಓಡುವುದೇ ಹೆಚ್ಚು. ಬೊಗಳುವ ಕೆಲಸವನ್ನು ನಮಗೆ ಬಿಟ್ಟುಕೊಟ್ಟಿವೆ ಎಂದು ನಮ್ಮಪ್ಪ ನನ್ನನ್ನೇ ನೋಡುತ್ತ ಹೇಳುತ್ತಿದ್ದರು.

ಆಗ ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ. ನೀರು ಬಿಡುವ ವಾಲ್ವಿನ ಗುಂಡಿ ಇದ್ದದ್ದು ನಮ್ಮ ವಾರ್ಡಿನ ಮೆಂಬರು ಸಂಗಪ್ಪನವರ ಮನೆಯ ಮುಂದೆ. ಮಕ್ಕಳು ಬೀಳುತ್ತಾರೆಂದು ಹೇಳಿ ಅವರು ಅದಕ್ಕೆ ಕಬ್ಬಿಣದ ಮುಚ್ಚಳ ಮಾಡಿಸಿ ಕೀಲಿ ಜಡಿದಿದ್ದರು. ಕೀಲಿಕೈ ಅವರ ಉಡುದಾರದಲ್ಲಿ. ಇದು ಇಡೀ ಓಣಿಗೆ ಗೊತ್ತು. ಯಾಕೆಂದರೆ ನೀರು ಬಿಡುವ ದಿನ ಅವರು ನಡುಬೀದಿಯಲ್ಲಿ ಅಂಗಿ ಎತ್ತಿ ಹುಡುಕುತ್ತಿದ್ದರು. ಅವರ ಹಿತ್ತಲಿನ ಹೌದು, ಅಂದರೆ ನೀರಿನ ತೊಟ್ಟಿ, ಮಾತ್ರ ದಿನಾ ತುಂಬಿ ಚೆಲ್ಲುತ್ತಿತ್ತು. ಒಂದು ದಿನ ಮುಂಜಾನೆ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಾನು ಅವರ ಗೇಟಿನ ಮುಂದೆ ನಿಂತೆ.

"ಮೆಂಬರ್ ಸಾಹೇಬ್ರ, ಕೃಷ್ಣಾ ನಿಮ್ಮ ಹಿತ್ತಲದಾಗ ಹುಟ್ಟ್ಯಾಳೇನ್ರಿ? ನೀರಿಗೆ ಕೀಲಿ ಹಾಕಾಕ ನೀವ್ಯಾರು? ನಿಮ್ಮ ಕೊಡ ತುಂಬಿ ಚೆಲ್ಲಾಕತ್ತೈತಿ, ನಮ್ಮ ಕೊಡ ಒಣಗಾಕತ್ತೈತಿ. ಹೌದೋ ಅಲ್ಲೋ ಹೇಳ್ರಿ. ಅಲ್ಲಂದ್ರ ಕೀಲಿ ತಗೀರಿ!"

ಸಂಗಪ್ಪನವರು ರಾಜಕಾರಣಿ. ಮುಖದ ಒಂದು ಕೂದಲೂ ಕೊಂಕಲಿಲ್ಲ. "ಬಿಸಲಾಗ ನಿಂತೀಯಲ್ಲ ತಂಗಿ, ಬಾ, ಒಂದ ಗ್ಲಾಸ ನೀರ ಕುಡದ ಹೋಗು," ಎಂದರು. ಆ ಒಂದು ಗ್ಲಾಸಿನ ಮಾತಿಗೆ ನನಗೆ ಬಂದ ಸಿಟ್ಟನ್ನು ಅಕ್ಷರದಲ್ಲಿ ಹಿಡಿಯಲಾಗದು. ಹಿಡಿಯಲಾಗದು ಎಂದು ನಾನು ತಿಳಿದಿದ್ದೆ. ಹಿಂತಿರುಗಿ ನೋಡಿದರೆ, ನನ್ನನ್ನು ಸಮಾಧಾನ ಮಾಡಿ ಕರೆದೊಯ್ಯಲು ಬಂದಿದ್ದ ನಮ್ಮ ಮನೆಯವರು ಸ್ಕೂಟರಿನ ಸೀಟಿನ ಮೇಲೆ ನೂಲಿನ ಕೋನಿನ ಚೀಟಿ ಇಟ್ಟುಕೊಂಡು ಸರಸರನೆ ಬರೆದುಕೊಳ್ಳುತ್ತಿದ್ದರು.

ಹಾಗೆ ಹುಟ್ಟಿತು ಖಟಪಟ ಬ್ಯಾಂಡಿನ ಮೊದಲ ಹಾಡು. ಮೆಂಬರರ ಹೆಸರು ಹಾಕಬೇಕೆಂದು ಇರ್ಫಾನ್ ಹೇಳಿದರೆ, "ಹೆಸರ ಬ್ಯಾಡಪಾ, ಕೋರ್ಟು ಜಮಖಂಡಿಯಾಗ ಐತಿ, ಅಂಗಡಿ ಬಿಟ್ಟು ಅಡ್ಡಾಡಾಕ ನನಗಾಗೂದಿಲ್ಲ," ಎಂದು ಶ್ರೀಕಾಂತ ತಡೆದ. ಹೀಗಾಗಿ ಹಾಡು ಯಾರ ಹೆಸರೂ ಇಲ್ಲದೆ ತಯಾರಾಯಿತು:

ಕೃಷ್ಣಾ ನಿನ್ನ ಹಿತ್ತಲದಾಗ ಹುಟ್ಟ್ಯಾಳೇನ?
ನೀರಿಗೆ ಕೀಲಿ ಹಾಕಾಕ ನೀ ಯಾರ?
ನಿನ್ನ ಕೊಡ ತುಂಬಿ ಚೆಲ್ಲೈತಿ, ನನ್ನ ಕೊಡ ಒಣಗೈತಿ,
ಕೀಲಿಕೈ ನಿನ್ನ ಉಡದಾರದಾಗೈತಿ!
ಹೌದೋ ಅಲ್ಲೋ ಹೇಳ್ರಿ, ಅಲ್ಲಂದ್ರ ಕೀಲಿ ತಗೀರಿ!

ಈ ಹಾಡು ಓಣಿಗೆ ಕೇಳಿದ್ದು ಒಂದು ಮಧ್ಯಾಹ್ನ, ಏಕಾಏಕಿ ಕರೆಂಟು ಹೋದಾಗ. ನಮ್ಮ ಮನೆಯ ಎಂಟು ಮಗ್ಗಗಳ ಜೊತೆ ಇಡೀ ಓಣಿಯ ಮಗ್ಗಗಳು ಗಪ್ಪಾದವು. ಆದರೆ ನಮ್ಮ ಮನೆಯವರು ಗಿಟಾರಿನ ಪೆಟ್ಟಿಗೆಯ ವಾಯರನ್ನು ನನ್ನ ಅಡುಗೆಮನೆಯ ಇನ್ವರ್ಟರಿಗೆ ಕದ್ದು ಜೋಡಿಸಿದ್ದರು. ಮಗ್ಗದ ಸದ್ದನ್ನು ಮೀರಿಸಲು ಕಿವಿ ಹಿಂಡಿ ಏರಿಸಿಟ್ಟಿದ್ದ ಹಾಡು ನಿಶ್ಶಬ್ದದಲ್ಲಿ ಬಾಂಬಿನಂತೆ ಬಿತ್ತು. ದೈವಸಂಕಲ್ಪವೋ ಏನೋ, ಆಗಲೇ ಸಂಗಪ್ಪನವರು ಸ್ಕೂಟರಿನ ಮೇಲೆ ನಮ್ಮ ಬಾಗಿಲ ಮುಂದೆ ಬಂದಿದ್ದರು. ಉಡುದಾರದ ಸಾಲು ಬಂದಾಗ ಅವರ ಬಲಗೈ ತಾನಾಗಿ ಸೊಂಟಕ್ಕೆ ಹೋದದ್ದನ್ನು ನಾನು ಕಿಟಕಿಯಿಂದ ಕಂಡೆ. ಅವರು ಕಟ್ಟೆಯ ಮೇಲಿದ್ದ ಅತ್ತೆಯ ಕಿವಿಯ ಹತ್ತಿರ ಬಾಗಿ, "ಯಾರ ಬರದದ್ರಿ ಯವ್ವಾ, ಈ ಹಾಡು?" ಎಂದು ಕೂಗಿ ಕೇಳಿದರು. "ನಮ್ಮ ಸೊಸಿದು. ಛಲೋ ಐತಿಲ್ಲೊ?" ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು. ಸಂಗಪ್ಪನವರು ಸ್ಕೂಟರು ತಿರುಗಿಸಿದರು.

ಆಮೇಲೆ ಬ್ಯಾಂಡಿನ ಏಳಿಗೆಯನ್ನು ಯಾರೂ ತಡೆಯಲಾಗಲಿಲ್ಲ. ಜಮಖಂಡಿಯ ಕಾಲೇಜೊಂದರ ಗ್ಯಾದರಿಂಗಿನಲ್ಲಿ ಮೊದಲ ಕಾರ್ಯಕ್ರಮವಾಯಿತು. ಅಲ್ಲಿಯ ಸರ್ ಒಬ್ಬರು, ಶುಭಾರಂಭಕ್ಕೆ ಒಂದು ಪ್ರಾರ್ಥನಾಗೀತೆ ಹಾಡಿ ಎಂದರಂತೆ. ಇವರಿಗೆ ಬರುವುದು ನಾಲ್ಕೇ ಹಾಡು, ಅದರಲ್ಲಿ ಕೃಷ್ಣೆಯ ಹೆಸರಿರುವುದು ಇದೊಂದೇ ಎಂದು ಇದನ್ನೇ ಪ್ರಾರ್ಥನೆಯಾಗಿ ಹಾಡಿದರು. ಮೊದಲ ಸಾಲು ಮುಗಿಯುವ ತನಕ ಎಲ್ಲರೂ ಎದ್ದು ಕೈಮುಗಿದು ನಿಂತಿದ್ದರಂತೆ. ಬೀಳಗಿಯಲ್ಲಿ ರಸ್ತೆಯ ಸಲುವಾಗಿ ಧರಣಿ ಕೂತವರು ಕರೆಸಿದರು. ಇವರ ಅಬ್ಬರಕ್ಕೆ ಧರಣಿಯವರ ಘೋಷಣೆಯೇ ಕೇಳದೆ, ಮನವಿ ಏನೆಂದು ತಿಳಿಯದೆಯೇ ಕಚೇರಿಯ ಸಾಹೇಬರು ಹೊರಬಂದು ಕಾಗದ ಇಸಕೊಂಡು ಹೋದರಂತೆ. ಸಮೀರವಾಡಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವರು ಎದೆಯೆತ್ತರದ ಸ್ಪೀಕರು ಕಟ್ಟಿಕೊಂಡು ಹಾಡು ಹಚ್ಚುತ್ತಾರಲ್ಲ, ಅವರಲ್ಲೊಬ್ಬ ಈ ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡ. ಎರಡು ಟ್ರೇಲರ್ ಕಬ್ಬಿನ ಹಿಂದೆ ಧೂಳು ತಿನ್ನುತ್ತ ಸ್ಕೂಟರಿನಲ್ಲಿ ಬರುವಾಗ ತಮ್ಮದೇ ದನಿ ಕೇಳಿ ನಮ್ಮ ಮನೆಯವರು ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಂಡರು. ಧೂಳಿಗೆ ಎಂದರು. ಅಲ್ಲ ಎಂದು ಹಿಂದೆ ಕೂತಿದ್ದ ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ಕಣ್ಣೂ ಒದ್ದೆಯಾಗಿತ್ತು.

ಇಷ್ಟರಲ್ಲಿ ಮುಧೋಳದಿಂದ ಅಣ್ಣನ ಫೋನು ಬಂತು. ಅವನ ಮಗಳು ಅಶ್ವಿನಿಗೆ ಗಂಡು ಗಟ್ಟಿಯಾಯಿತಂತೆ. "ನಿಮ್ಮ ಓಣಿಯವ್ರ ಸುವರ್ಣಾ! ಹುಡುಗ ಎಂಜಿನಿಯರ್. ಮೆಂಬರ್ ಸಂಗಪ್ಪನಾವ್ರ ಮಗಾ," ಎಂದ. ನನ್ನ ಕೈಯ ಸೌಟು ಸಾರಿನಲ್ಲಿ ಮುಳುಗಿತು. ಅಶ್ವಿನಿ ನಾನು ಎತ್ತಿ ಆಡಿಸಿದ ಮಗು. ಅಕ್ಷತೆ ಬೀಳುವ ಮೊದಲೇ ಅತ್ತೆಮನೆಯವರ ಕಣ್ಣಿಗೆ ಸೋದರತ್ತೆ ಮುಳ್ಳಾದರೆ ಅದು ಚುಚ್ಚುವುದು ಹುಡುಗಿಗೆ. ಅಂದೇ ಸಂಜೆ ಶೆಡ್ಡಿಗೆ ಹೋಗಿ, "ಆ ಹಾಡ ಇನ್ನ ಬಂದ್" ಎಂದು ಅಪ್ಪಣೆ ಕೊಟ್ಟೆ.

"ಪಂಕ್ ಬ್ಯಾಂಡಿಗೆ ಬೀಗರಿರೂದಿಲ್ಲ," ಎಂದರು ನಮ್ಮ ಮನೆಯವರು.

"ಬ್ಯಾಂಡಿಗಿರೂದಿಲ್ಲ, ನನಗದಾರ," ಎಂದೆ. ಮೂವರೂ ನೂಲಿನ ಮೇಲೆ ಕೈಯಿಟ್ಟು ಆಣೆ ಮಾಡಿದರು.

ಲಗ್ನದ ದಿನ ವಾದ್ಯಕ್ಕೆ ಇರ್ಫಾನನ ಅಪ್ಪನ ಬ್ಯಾಂಡ್ ಕಂಪನಿಯನ್ನೇ ಹೇಳಿದ್ದೆವು. ಬೇರೊಂದು ಲಗ್ನ ಮುಗಿಸಿ ಊದುವವರನ್ನು ತರುತ್ತಿದ್ದ ಜೀಪು ಲೋಕಾಪುರದ ಆಚೆ ಕೆಟ್ಟು ನಿಂತಿತು. "ವೈನಿ, ಚಿಂತಿ ಮಾಡಬ್ಯಾಡ್ರಿ, ನಾವ ಬಾರಸ್ತೀವಿ," ಎಂದು ಇರ್ಫಾನ್ ಗಿಟಾರಿನವರಿಬ್ಬರನ್ನೂ ಕಂಕುಳಲ್ಲಿ ಹಿಡಿದಂತೆ ಕರೆತಂದ. ನೂಲಿನ ದರ ಏರಿದ್ದರ ವಿರುದ್ಧ ಅವರು ಬರೆದ ಹಾಡಿಗೆ ವರನ ಗೆಳೆಯರು ಬೆವರು ಸುರಿಸಿ ಕುಣಿದರು. ಎಲ್ಲ ಸುಸೂತ್ರವಾಗಿಯೇ ಇತ್ತು, ವಧೂವರರು ಬೀಗರೊಡನೆ ಕೂತು ಉಣ್ಣುವ ಭೂಮದ ಊಟದ ತನಕ.

ನಮ್ಮ ಕಡೆ ಬೀಗರು ಭೂಮಕ್ಕೆ ಕೂತಾಗ ಹೆಣ್ಣಿನವರು ಅವರನ್ನು ಹಾಡಿನಲ್ಲಿ ಬೈಯಬೇಕು. ಮೀಸೆ, ಹೊಟ್ಟೆ, ಜಿಪುಣತನ ಯಾವುದನ್ನೂ ಬಿಡುವಂತಿಲ್ಲ. ಬೈಸಿಕೊಂಡವರು ನಗಬೇಕು, ನಕ್ಕು ಆಯೇರಿ ಮಾಡಬೇಕು, ಅಂದರೆ ಹಾಡಿದವರಿಗೆ ಸೀರೆಯೋ ಟವೆಲ್ಲೋ ಏನಾದರೊಂದು ಉಡುಗೊರೆ ಕೊಡಬೇಕು. ಸಿಟ್ಟಿಗೆದ್ದವರು ಸೋತಂತೆ, ಮೊಮ್ಮಕ್ಕಳ ಕಾಲದವರೆಗೂ ಆ ಮನೆಯವರನ್ನು ಜನ ಆಡಿಕೊಳ್ಳುತ್ತಾರೆ. ಹಾಡಿಗೆ ಮುಂದಾಗಬೇಕಾದವಳು ಸೋದರತ್ತೆಯಾದ ನಾನು. ಆದರೆ ಮೂರು ದಿನ ಅಡುಗೆಯವರ ಮೇಲೆ ಕೂಗಿ ನನ್ನ ಗಂಟಲು ಹರಿದ ಹಲಗೆಯಾಗಿತ್ತು. ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಾಗ ಸಂಗಪ್ಪನವರು ಹೋಳಿಗೆ ಮುರಿಯುತ್ತ, ಇಡೀ ಪಂಕ್ತಿಗೆ ಕೇಳುವಂತೆ ಚುಚ್ಚಿದರು: "ಏನ್ರಿ ಬೀಗರ, ಓಣಿಯಾಗ ಕರೆಂಟ್ ಹೋದಾಗ ಭಾಳ ಹಾಡತೀರಿ. ನಾಕ ಮಂದ್ಯಾಗ ಬಾಯಿ ಬರಂಗಿಲ್ಲೇನು?"

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಾಣದಿದ್ದನ್ನು ಅಂದು ಕಂಡೆ. ನಮ್ಮ ಮನೆಯವರ ಕಿವಿ ಕೆಂಪಾದವು. ಅವರು ಮೈಕಿನ ಹತ್ತಿರ ನಡೆದು, ನೂಲಿನ ಆಣೆಯನ್ನು ಗಾಳಿಗೆ ತೂರಿ, ಸಂಗಪ್ಪನವರ ಕಣ್ಣಲ್ಲಿ ಕಣ್ಣಿಟ್ಟು, "ಕೃಷ್ಣಾ ನಿನ್ನ ಹಿತ್ತಲದಾಗ ಹುಟ್ಟ್ಯಾಳೇನ?" ಎಂದು ಸಿಡಿದರು. ಉಡುದಾರದ ಸಾಲು ಬರುವ ಹೊತ್ತಿಗೆ ಪಂಕ್ತಿಯಲ್ಲಿ ಒಂದು ಕೈಯೂ ಬಾಯಿಗೆ ಹೋಗುತ್ತಿರಲಿಲ್ಲ. ಅಣ್ಣನ ಮುಖ ಬಿಳಿಚಿತ್ತು. ಒಂದೇ ಎಲೆಯಲ್ಲಿ ಗಂಡನ ಜೊತೆ ಉಣ್ಣುತ್ತಿದ್ದ ಅಶ್ವಿನಿ ತುತ್ತು ಕೆಳಗಿಟ್ಟು ನನ್ನನ್ನು ನೋಡಿದಳು. ಸಂಗಪ್ಪನವರ ಕಡೆಯ ಹಿರಿಯರಿಬ್ಬರು ಎಲೆ ಬಿಟ್ಟು ಏಳಲು ಮೊಳಕಾಲಿಗೆ ಕೈ ಕೊಟ್ಟಿದ್ದರು.

ನನಗೆ ಆ ಧೈರ್ಯ ಎಲ್ಲಿಂದ ಬಂತೋ. ಓಡಿಹೋಗಿ ಗಂಡನ ಕೈಯಿಂದ ಮೈಕು ಕಿತ್ತುಕೊಂಡು, ಹರಿದ ಗಂಟಲಿನಲ್ಲೇ ಬೀಗರ ಹಾಡಿನ ಧಾಟಿ ಎತ್ತಿದೆ. "ಕೇಳ್ರಿ ಬೀಗರ ಕೇಳ್ರಿ, ಹೌದಿನ್ಯಾಗ ಮೀಸಿ ತೊಳದವ್ರ ಕೇಳ್ರಿ, ಇಪ್ಪತ್ತ ಹೋಳಗಿ ನುಂಗಿ ಉಡದಾರ ಹರಕೊಂಡವ್ರ ಕೇಳ್ರಿ!" ಇರ್ಫಾನ್ ಜಾಣ, ತಾಳ ಬಿಡಲಿಲ್ಲ. ನಮ್ಮ ಚಿಕ್ಕಮ್ಮಂದಿರಿಗೆ ಥಟ್ಟನೆ ಹೊಳೆಯಿತು, ಹದಿನೈದು ಹೆಂಗಸರು ಚಪ್ಪಾಳೆ ತಟ್ಟುತ್ತ, "ಹೌದೋ ಅಲ್ಲೋ ಹೇಳ್ರಿ, ಅಲ್ಲಂದ್ರ ಕೀಲಿ ತಗೀರಿ!" ಎಂದು ಮುಗಿಬಿದ್ದರು. ನಾನು ಒಡೆದ ದನಿಯಲ್ಲಿ ಕೂಗುತ್ತಿದ್ದರೆ, ಇಷ್ಟು ದಿನ ನಮ್ಮ ಬ್ಯಾಂಡಿಗೆ ಬೇಕಾಗಿದ್ದ ದನಿ ಇದೇ ನೋಡು ಎಂಬಂತೆ ಶ್ರೀಕಾಂತ ನನ್ನನ್ನೇ ನೋಡುತ್ತಿದ್ದ. ಏಳಲು ಹೊರಟ ಹಿರಿಯರು ಮತ್ತೆ ಕೂತರು. ಅದು ಈಗ ಬೀಗರ ಹಾಡು, ಎದ್ದರೆ ಸೋತಂತೆ.

ಸಂಗಪ್ಪನವರು ನಕ್ಕರು. ನಗು ಹೊರಬರಲು ಸ್ವಲ್ಪ ತಡವಾಯಿತು, ಆದರೆ ಬಂತು. ಎದ್ದು ನಿಂತು, "ಬೀಗತಿಯಾರ ಬಾಯಿಗೆ ನಾ ಸೋತೆ. ಸೀರಿ ಹೆಂಗೂ ಕೊಡತೀನಿ. ಅದರ ಮ್ಯಾಲ ನನ್ನ ಆಯೇರಿ, ಓಣಿಗೊಂದ ಹೊಸಾ ನಳ, ದಿನಾ ನೀರು," ಎಂದರು. ಮಂಟಪವೆಲ್ಲ ಶಿಳ್ಳೆ. ಅಶ್ವಿನಿ ತುತ್ತು ಎತ್ತಿಕೊಂಡಳು. ಆ ಕ್ಷಣದಲ್ಲಿ ನಾನೇ ಗೆದ್ದೆ ಎಂದು ಅನಿಸಿದ್ದು ಸುಳ್ಳಲ್ಲ. ದೇಶದಲ್ಲಿ ಎಷ್ಟೋ ಚಳವಳಿಗಳು ವರ್ಷಗಟ್ಟಲೆ ಕೂಗಿಯೂ ಪಡೆಯದ್ದನ್ನು ನಾನು ಒಂದು ಹೋಳಿಗೆ ಊಟದಲ್ಲಿ ಪಡೆದಿದ್ದೆ.

ನಳ ಬಂತು. ಪೈಪಿನ ಕೆಲಸದವರು, ಮೆಂಬರರ ಬೀಗರ ಮನೆ ಯಾವುದು ಎಂದು ಕೇಳಿಕೊಂಡು ಬಂದು ನಮ್ಮ ಕಟ್ಟೆಗೇ ಹೊಂದಿಸಿ ಕೂರಿಸಿದರು. ಮೊದಲ ವಾರ ಓಣಿಯ ಹೆಂಗಸರು ನನಗೆ ಕುಂಕುಮ ಹಚ್ಚುವುದೊಂದು ಬಾಕಿ. ಎರಡನೆಯ ವಾರ ಯಾರೋ ಎಮ್ಮೆ ತೊಳೆದರು. ಮೂರನೆಯ ವಾರ ನಳದ ತಿರುಪು ಸಡಿಲಾಗಿ ದಿನವಿಡೀ ಸೋರಿ ನಮ್ಮ ಬಾಗಿಲು ಕೆಸರಾಯಿತು. ನೀರು ಅಂದರೆ ಬಂಗಾರ, ಅದಕ್ಕೊಂದು ಶಿಸ್ತು ಬೇಡವೆ? ವೆಲ್ಡಿಂಗಿನವನಿಗೆ ಹೇಳಿ ಕಬ್ಬಿಣದ ಪೆಟ್ಟಿಗೆ ಮಾಡಿಸಿ ನಳಕ್ಕೆ ಕೂರಿಸಿದೆ. ಮುಂಜಾನೆ ಆರರಿಂದ ಏಳು. ಮನೆಗೆ ನಾಲ್ಕು ಕೊಡ. ಜಗಳ ತೆಗೆದವರು ಕೊನೆಗೆ. ಎಲ್ಲಕ್ಕಿಂತ ಮೊದಲು ನಮ್ಮ ಮನೆಯದು, ಕಟ್ಟೆ ನಮ್ಮದಲ್ಲವೆ? ಮೊದಲೆಲ್ಲ "ಸುವರ್ಣಕ್ಕ" ಎನ್ನುತ್ತಿದ್ದವರು "ಸುವರ್ಣಕ್ಕಾರ" ಎನ್ನತೊಡಗಿದರು. ಆ ಒಂದು ಗೌರವದ 'ರ' ಎಷ್ಟು ಸಿಹಿ ಎಂದು ಅದನ್ನು ಉಂಡವರಿಗೇ ಗೊತ್ತು.

ನಮ್ಮ ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕಾಶವ್ವ ಒಂದು ದಿನ ಏಳು ಹೊಡೆದ ಮೇಲೆ ಬಂದಳು. ಮಗಳಿಗೆ ಜ್ವರವಿತ್ತಂತೆ. "ಎರಡ ಕೊಡ ಬಿಡ್ರಿ ಅಕ್ಕಾರ," ಎಂದಳು. ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ. "ನಾಳಿ ಲಗೂನ ಬಾ," ಎಂದೆ. ಅಷ್ಟು ಬಿರುಸಾಗಿ ಹೇಳಿದ್ದಕ್ಕೆ ನನಗೂ ಒಂಚೂರು ಕಸಿವಿಸಿಯಾಯಿತು. "ಚಹಾ ಕುಡದ ಹೋಗ ಕಾಶವ್ವ," ಎಂದು ಕರೆದೆ. ಅವಳು ನಿಲ್ಲಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು. ಖಾಲಿ ಕೊಡ ಹೊತ್ತು ಹೋಗುವ ಅವಳನ್ನು ನೋಡಿ ಒಳಗೆ ಹೋದರು.

ಆ ದಿನಗಳಲ್ಲಿ ಬ್ಯಾಂಡು ಮಂಕಾಗಿತ್ತು. ಹೊಸ ಹಾಡು ಒಂದೂ ಹುಟ್ಟಿರಲಿಲ್ಲ. ಬೈಯಲು ಯಾರೂ ಉಳಿದಿಲ್ಲವಲ್ಲ, ಪಾಪ, ಎಂದು ನನಗೆ ಕನಿಕರ. "ಓಣ್ಯಾಗ ಎಲ್ಲಾ ಛಲೋ ಆಗೇತಿ, ಇನ್ನ ಭಜನಿ ಕಲೀರಿ," ಎಂದು ಒಮ್ಮೆ ಸಲಹೆಯನ್ನೂ ಕೊಟ್ಟೆ. ನಮ್ಮ ಮನೆಯವರು "ನೋಡೂಣು" ಎಂದರು. ಮುಂದಿನ ಅಮಾವಾಸ್ಯೆಗೆ, ಮಗ್ಗ ನಿಲ್ಲಿಸುವ ದಿನ, ನಮ್ಮ ಕಟ್ಟೆಯ ಮೇಲೇ ಓಣಿಯವರಿಗೆಲ್ಲ ಒಂದು ಕಾರ್ಯಕ್ರಮ ಎಂದು ಸಾರಿದರು.

ಸಂಜೆ ನಾಲ್ಕಕ್ಕೇ ಓಣಿ ತುಂಬಿತು. ನಾನು ಸಂಗಪ್ಪನವರು ಕೊಟ್ಟ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಕವಿ ತಾನೆ! ಪಕ್ಕದಲ್ಲಿ ಅತ್ತೆ. ಇರ್ಫಾನ್ ಬಾರಿಸಿದ, ನನ್ನ ಹಾಡೇ ಶುರುವಾಯಿತು. ಕೃಷ್ಣಾ ನಿನ್ನ ಹಿತ್ತಲದಾಗ ಹುಟ್ಟ್ಯಾಳೇನ? ನಾನು ತಲೆದೂಗಿದೆ. ನೀರಿಗೆ ಕೀಲಿ ಹಾಕಾಕ ನೀ ಯಾರ? ಚಪ್ಪಾಳೆ ತಟ್ಟಿದೆ. ನಿನ್ನ ಕೊಡ ತುಂಬಿ ಚೆಲ್ಲೈತಿ, ನನ್ನ ಕೊಡ ಒಣಗೈತಿ. ಉತ್ಸಾಹ ತಡೆಯದೆ "ಹೌದ್ರೀ!" ಎಂದು ಕೂಗಿಯೂಬಿಟ್ಟೆ.

"ಕೀಲಿಕೈ ನಿನ್ನ ಸೆರಗಿನ ಗಂಟಿನಾಗೈತಿ!"

ಬದಲಿಸಿದ್ದು ಅಷ್ಟೇ. ಉಳಿದ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ನನ್ನ ಬಲಗೈ ನನ್ನನ್ನು ಕೇಳದೆ ಸೆರಗಿನ ಗಂಟಿಗೆ ಹೋಯಿತು, ಮತ್ತು ಅದು ಹೋದದ್ದನ್ನು ಇಡೀ ಓಣಿ ನೋಡಿತು. ಸ್ಕೂಟರಿನ ಮೇಲೆ ಸೊಂಟ ಮುಟ್ಟಿಕೊಂಡ ಸಂಗಪ್ಪನವರ ಕೈ ನೆನಪಾಯಿತು. ನಾಚಿಕೆಯಿಂದ ಕಿವಿ ಕಾದವು, ಅದರ ಬೆನ್ನಿಗೇ ಸಿಟ್ಟು ಬಂತು. ಸ್ವಂತ ಗಂಡ, ಸ್ವಂತ ಕಟ್ಟೆ, ಸ್ವಂತ ಹಾಡು! ಎದ್ದು ಮೈಕು ಕಿತ್ತುಕೊಳ್ಳಬೇಕೆಂದು ಅರ್ಧ ಎದ್ದೆ. ಆಗ ಹಿಂದಿನಿಂದ ಕಾಶವ್ವನ ದನಿ, "ಹೌದೋ ಅಲ್ಲೋ ಹೇಳ್ರಿ?" ಎಂದು ಎಲ್ಲರಿಗಿಂತ ಎತ್ತರದಲ್ಲಿ ಬಂತು. ಅವಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ಅತ್ತೆ ನನ್ನ ಮೊಳಕಾಲಿನ ಮೇಲೆ ಕೈಯಿಟ್ಟು, "ಇವತ್ತ ಭಾಳ ಸ್ಪಷ್ಟ ಕೇಳಿತವ್ವಾ. ಸಿಟ್ಟ ಮಾಡಬ್ಯಾಡ, ಸಿಟ್ಟ ಮಾಡಿದವ್ರು ಸೋಲತಾರ," ಎಂದರು.

ನಾನು ನಕ್ಕೆ. ಸಂಗಪ್ಪನವರ ನಗು ಅಂದು ಅಷ್ಟು ತಡವಾಗಿ ಯಾಕೆ ಬಂತೆಂದು ಆಗ ತಿಳಿಯಿತು. ಅದು ಬಹಳ ಆಳದಿಂದ ಬರಬೇಕಾಗುತ್ತದೆ. ಒಳಗೆ ಹೋಗಿ ಮೂರು ಟವೆಲ್ಲು, ಎಲೆ ಅಡಿಕೆ ತಾಟಿನಲ್ಲಿಟ್ಟುಕೊಂಡು ಬಂದೆ. ಸೆರಗಿನ ಗಂಟು ಬಿಚ್ಚಲು ಹೋದರೆ ಅದು ಬಿಗಿದು ಬಿಚ್ಚಲೇ ಬರಲಿಲ್ಲ. ಕಾಶವ್ವ ಬಂದು ಹಲ್ಲಿನಿಂದ ಕಚ್ಚಿ ಬಿಚ್ಚಿದಳು, ನೂಲಿನ ಗಂಟು ಬಿಡಿಸಿ ರೂಢಿಯಿರುವ ಹೆಂಗಸು. "ತಗೊಳವ್ವಾ, ನನ್ನ ಆಯೇರಿ," ಎಂದು ಕೀಲಿಕೈಯನ್ನು ಅವಳ ಕೈಗೆ ಹಾಕಿದೆ. ಅವಳು ನಳದ ಪೆಟ್ಟಿಗೆ ತೆರೆದು, ಕೀಲಿಯನ್ನು ಕಳಚಿ ಇರ್ಫಾನನಿಗೆ ಕೊಟ್ಟಳು. "ಅಕ್ಕ, ನಾಳಿ ಎರಡ ಕೊಡ ನಿಮಗೂ ಇಡತೀನಿ," ಎಂದಳು. ಕೊನೆಯ 'ರ' ಇರಲಿಲ್ಲ. ಅದರ ಬದಲು ಅಕ್ಕ ಮರಳಿ ಬಂದಿದ್ದಳು.

ಈಗ ಖಟಪಟ ಬ್ಯಾಂಡಿನಲ್ಲಿ ನಾಲ್ವರು. ಗಂಟಲು ಹರಿದಾಗಿನ ನನ್ನ ದನಿಗೆ ಬೇಡಿಕೆ ಇದೆ. ಆ ಕೀಲಿಯನ್ನು ಇರ್ಫಾನ್ ತನ್ನ ಡ್ರಮ್ಮಿಗೆ ನೇತುಹಾಕಿದ್ದಾನೆ, "ಕೀಲಿ ತಗೀರಿ" ಬಂದಾಗ ಅದಕ್ಕೊಂದು ಏಟು. ಈ ಹಾಡು ಯಾರ ಮೇಲೆ ಬರೆದದ್ದು ಎಂದು ಬೀಳಗಿಯಲ್ಲೂ ಕೇಳುತ್ತಾರೆ, ಜಮಖಂಡಿಯಲ್ಲೂ ಕೇಳುತ್ತಾರೆ. "ನಮ್ಮ ಓಣಿಯಾಗ ಒಬ್ಬರಿದ್ರು," ಎಂದಷ್ಟೇ ನಮ್ಮ ಮನೆಯವರು ಹೇಳಿ ನನ್ನ ಕಡೆ ನೋಡದೆ ಗಿಟಾರು ಶ್ರುತಿ ಮಾಡುತ್ತಾರೆ. ಮೈಕಿನ ಮುಂದೆ ನಿಂತಾಗ ನನಗೆ ಈಗಲೂ ಒಂದು ಅಭ್ಯಾಸ ಉಳಿದಿದೆ. ಮೊದಲು ಕೈ ಸೆರಗಿನ ತುದಿಗೆ ಹೋಗುತ್ತದೆ. ಅಲ್ಲಿ ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ನಾನು ಬಾಯಿ ತೆಗೆಯುವುದು.